ವಠಾರದ ಧನ್ವಂತರಿಗಳು

ಮನೆಯಲ್ಲಿ ಕೂಸೊಂದು ಎರಡು ಬಾರಿ ಸೀನಿತೆಂದರೆ ಸಾಕು, ಅಲ್ಲಿಯವರೆಗೆ ನಮ್ಮ ವಠಾರದಲ್ಲಿ ಗುಮಾಸ್ತರಾಗಿಯೋ ಉಪಾಧ್ಯಾಯರಾಗಿಯೋ ನಿವೃತ್ತ ಶಿರಸ್ತೇದಾರರಾಗಿಯೋ ಕಾಲಕ್ಷೇಪ ಮಾಡುತ್ತಿದ್ದ ಸಮಸ್ತರೂ ತತ್‌ಕ್ಷಣವೇ ಧನ್ವಂತರಿಯ ಅಂಶಸಂಭೂತರಾಗಿಬಿಡುವರು. ಒಬ್ಬರು ದೊಡ್ಡಪತ್ರೆಯನ್ನು ಕೆಂಡದ ಮೇಲೆ ಬಾಡಿಸಿ ರಸ ಹಿಂಡಿರೆನ್ನುವರು. ಇನ್ನೊಬ್ಬರು ಬಜೆಯನ್ನು ತೇದು ನಾಲಗೆಗೆ ಸವರಿರೆನ್ನುವರು. ಎದುರುಮನೆಯ ಅಜ್ಜಿಯಂತೂ ಉಪ್ಪು ಮೆಣಸಿನಕಾಯಿಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹೊಸಿಲು ದಾಟುವರು. "ದೃಷ್ಟಿ ಕಣಪ್ಪಾ, ಬರೀ ದೃಷ್ಟಿ! ಆ ಕೆಂಪಂಗಿ ತೊಡಿಸಿ ಬೀದಿಗೆ ಕರಕೊಂಡು ಹೋಗ್ಬೇಡಿ ಅಂತ ಬಡಕೊಂಡೆ." ಒಲೆಗೆ ಹಾಕಿದ ಮೆಣಸಿನಕಾಯಿ ಘಾಟು ಬೀರದಿದ್ದರೆ ದೃಷ್ಟಿ ತಗುಲಿತ್ತೆಂದು ಶಾಸ್ತ್ರವುಂಟಷ್ಟೆ, ಅಂದು ಆ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿ ಕಣ್ಣೀರಿಟ್ಟರೂ ಅಜ್ಜಿಯ ನಿರ್ಣಯ ಎಳ್ಳಷ್ಟೂ ಕದಲಲಿಲ್ಲ.

ಎಳೆಯ ಮಕ್ಕಳಿಗೆ ವರ್ಷಕ್ಕೆ 6ರಿಂದ 8 ಬಾರಿ ನೆಗಡಿಯಾಗುವುದು ಸಹಜಧರ್ಮ. ಔಷಧ ಕೊಟ್ಟರೂ ಕೊಡದಿದ್ದರೂ ಅದು ವಾರವೊಪ್ಪತ್ತಿದ್ದು ಹೊರಟುಹೋಗುವುದು. ಆದರೂ ವಠಾರ ನೆರೆಯುವುದು ಗಂಟಲು ಹರಿಯುವಂತೆ ಅಳುವ ಮಗುವಿನ ಸುತ್ತಲೇ. ಹಾಲನ್ನೊಲ್ಲದೆ, ಕರೆದರೆ ಕಣ್ಣು ತೆರೆಯದೆ, ಮಂಕಾಗಿ ಬಿದ್ದ ಮಗುವನ್ನು ಕಂಡರೆ ಮಾತ್ರ "ಪಾಪ, ಈಗ ನಿದ್ದೆ ಹತ್ತಿದೆ, ಎಬ್ಬಿಸಬೇಡಿ" ಎಂದು ತುದಿಗಾಲಿನಲ್ಲಿ ಹಿಂದಿರುಗುವರು! ವೈದ್ಯರಲ್ಲಿಗೆ ಓಡಬೇಕಾದದ್ದು ಈ ಎರಡನೆಯ ಮಗುವನ್ನೆತ್ತಿಕೊಂಡು.

ಕೆಮ್ಮಿನ ವಿಷಯದಲ್ಲಿಯೂ ಸದ್ದಿಗಿಂತ ಉಸಿರಾಟ ಮುಖ್ಯ. ಮಗು ಶಾಂತವಾಗಿರುವಾಗ ಒಂದು ನಿಮಿಷ ಪೂರ್ತಿ ಎಣಿಸಿ, ಎರಡು ತಿಂಗಳು ತುಂಬಿ ವರ್ಷ ತುಂಬದ ಮಗುವಿನ ಉಸಿರು 50ನ್ನು, ವರ್ಷದಿಂದ ಐದರೊಳಗಿನ ಮಗುವಿನ ಉಸಿರು 40ನ್ನು ಮುಟ್ಟಿದರೆ, ಅಥವಾ ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಸೇದಿದರೆ, ಕಷಾಯದ ಪ್ರಸ್ತಾಪವನ್ನು ಅಲ್ಲಿಗೇ ಬಿಡತಕ್ಕದ್ದು. ಎಣಿಸುವುದು ಸುಲಭವೆಂದಲ್ಲ. ನಮ್ಮ ಭಾವನವರು ಗಡಿಯಾರವನ್ನು ಮೊಣಕಾಲ ಮೇಲಿರಿಸಿಕೊಂಡು, ಮಗುವಿನ ಹೊಟ್ಟೆಯ ಏರಿಳಿತವನ್ನೇ ದಿಟ್ಟಿಸುತ್ತ ಇಪ್ಪತ್ತರ ಗಡಿ ದಾಟಿದ್ದರೋ ಇಲ್ಲವೋ, ಅಕ್ಕ ಬಾಗಿಲಲ್ಲಿ ನಿಂತು, "ಏನೂಂದ್ರೆ, ಎಷ್ಟಾಯ್ತು?" ಎಂದಳು. "ನಿನ್ನ ದಯೆಯಿಂದ ಮತ್ತೆ ಒಂದು" ಎಂದರು ಭಾವ.

ಭೇದಿಗೆ ಲಂಘನವೇ ಪರಮೌಷಧವೆಂದು ಎದೆಹಾಲನ್ನೂ ನಿಲ್ಲಿಸುವ ಪಂಡಿತರೊಡನೆ ಮಾತ್ರ ನನಗೆ ಹಾಸ್ಯ ಸಾಲದು, ಸಿಟ್ಟೇ ಬರುವುದು. ಮಗು ಸಾಯುವುದು ಭೇದಿಯಿಂದಲ್ಲ, ಮೈಯ ನೀರು ಬತ್ತಿಹೋಗುವುದರಿಂದ. ಆದುದರಿಂದ ಹಾಲನ್ನು ಬಿಡಿಸದೆ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಓ.ಆರ್.ಎಸ್. ಕಲಸಿ ಗುಟುಕುಗುಟುಕಾಗಿ ಕುಡಿಸುತ್ತಿರಬೇಕು. ಕಣ್ಣು ಗುಳಿಬಿದ್ದು, ಅತ್ತರೂ ಕಣ್ಣೀರು ಬಾರದೆ, ಏಳೆಂಟು ಗಂಟೆ ಮೂತ್ರವೇ ಆಗದಿದ್ದರೆ, ಅಥವಾ ಮಲದಲ್ಲಿ ರಕ್ತ ಕಂಡರೆ, ಮನೆಮದ್ದಿನ ಅಧ್ಯಾಯ ಮುಗಿಯಿತೆಂದೇ ತಿಳಿಯಬೇಕು. ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸುವುದಂತೂ, ಹೇಳಿದವರು ಎಷ್ಟೇ ಹಿರಿಯರಾಗಿರಲಿ, ಸಲ್ಲದು. ಹಲ್ಲು ಮೂಡುವ ಕಾಲವೆಂದು ಕಾವೇರಿದ ಜ್ವರವನ್ನು ಉಪೇಕ್ಷಿಸುವುದೂ ಇದೇ ಜಾತಿಯ ಪಾಂಡಿತ್ಯ.

ಇನ್ನು ಮೂರು ತಿಂಗಳು ತುಂಬದ ಕೂಸಿನ ಮೈ 100.4 ಡಿಗ್ರಿ ಮುಟ್ಟಿದರೆ, ಅಥವಾ ಯಾವ ವಯಸ್ಸಿನ ಮಗುವಿಗೇ ಆಗಲಿ ಐದು ನಿಮಿಷವಾದರೂ ಸೆಳವು ನಿಲ್ಲದಿದ್ದರೆ, ಬೆಳಗಾಗಲಿ ಎಂದು ಕಾಯಬೇಡಿ. ನಡುರಾತ್ರಿಯಾದರೂ ಸರಿಯೆ, ಆಸ್ಪತ್ರೆಯ ಬಾಗಿಲು ತಟ್ಟಿರಿ. ನಿದ್ದೆಗೆಟ್ಟ ವೈದ್ಯರು ಎರಡು ಮಾತು ಗದರಿದರೆ, ಗದರಲಿ.