ದುಡ್ಡು ಕೊಟ್ಟು ಜಾರುವುದು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಜಾರುವುದನ್ನು ಯಾರೂ ಕಲಿಸಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಅಂಗಳಕ್ಕೆ ಹಾವಸೆ ಕಟ್ಟಿತೆಂದರೆ ದೀಪಾವಳಿಯ ತನಕ ಮನೆಗೊಬ್ಬರಾದರೂ ಜಾರಿ ಬೀಳಲೇಬೇಕು. ತೋಟದ ಸಂಕದ ಮೇಲೆ ಜಾರುತ್ತೇವೆ, ಬಚ್ಚಲಿನ ಹಿಂದೆ ಜಾರುತ್ತೇವೆ, ಬಂದ ನೆಂಟರನ್ನು ಕಳಿಸಲು ಹೋಗಿ ಅವರ ಕಾಲಬುಡದಲ್ಲೇ ಜಾರುತ್ತೇವೆ. ಮಕ್ಕಳಿಗಂತೂ ಅದೇ ಆಟ. ಉದುರಿದ ಅಡಿಕೆ ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ, ಸೋಗೆ ಹಿಡಿದು ಇನ್ನಿಬ್ಬರು ಎಳೆದರೆ ಧರೆಯ ಬುಡದ ತನಕ ಸವಾರಿ. ಚಡ್ಡಿ ಹರಿದರೆ ಮನೆಯಲ್ಲಿ ಬೇರೆ ಸತ್ಕಾರ.

ಇಂಥ ಊರಿನವರು ಸ್ಕೀಯಿಂಗ್ ಕಲಿಯಲು ಹಿಮಾಲಯಕ್ಕೆ ಹೊರಟರೆ ಮನೆಯವರು ಏನೆನ್ನಬೇಕು? ನಮ್ಮ ಆಯಿ ಅಂದದ್ದು ಇಷ್ಟೇ: “ಜಾರಲೆ ಅಷ್ಟು ದೂರ ಹೋಗವ ತಮಾ? ನಮ್ಮನೆ ಹಿತ್ಲಲ್ಲೇ ಪುಕ್ಕಟೆ ಜಾರ್ತಲಾ!”

ತಪ್ಪು ನಮ್ಮದಲ್ಲ, ಪೇಪರಿನದು. ಗುಲ್ಮಾರ್ಗ್‌ನಲ್ಲಿ ನಡೆಯುವ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದ ಸುದ್ದಿ ಬಂದಿತ್ತು. ಕವಳ ಹಾಕುತ್ತ ಕೂತಿದ್ದ ನಾಲ್ವರಲ್ಲಿ ಸಿದ್ದಾಪುರದ ಮಾಸ್ತರು ಅದನ್ನು ದೊಡ್ಡದಾಗಿ ಓದಿದರು. “ಕೊಡಗಲ್ಲಿ ಎಂತಾ ಹಿಮ ಬೀಳ್ತನಾ?” ಎಂದು ಯಲ್ಲಾಪುರದ ಲಾರಿ ಸಾಹುಕಾರ ಕೇಳಿದ. ಬೀಳುವುದಿಲ್ಲ. ಕಾಫಿ ಬೆಳೆಯುವ ಊರಿನ ಹುಡುಗಿ ಹಿಮದ ಮೇಲೆ ಓಡಿ ಚಿನ್ನ ಗೆಲ್ಲುವುದಾದರೆ, ಅಡಿಕೆ ಬೆಳೆಯುವ ಊರಿನವರು ಹಿಮದ ಮೇಲೆ ಬೀಳುವುದಕ್ಕಾದರೂ ಅಡ್ಡಿಯಿಲ್ಲ ಎಂದು ತೀರ್ಮಾನವಾಯಿತು.

ಆದರೆ ಖಜಾನೆ ಶಿರಸಿ ಭಾವನ ಕೈಯಲ್ಲಿತ್ತು. ಅಂಗಡಿ ನಡೆಸುವ ಈ ಭಾವ, ಬಸ್‌ಸ್ಟ್ಯಾಂಡಿನಲ್ಲಿ ಕುಡಿದ ಚಾ ಯಾರ ಲೆಕ್ಕ ಎಂಬುದನ್ನು ಮುಂದಿನ ಮಾರಿಕಾಂಬೆ ಜಾತ್ರೆಯ ತನಕ ನೆನಪಿಡುವ ಮನುಷ್ಯ. ಅವನ ಷರತ್ತು ಒಂದೇ: ಸ್ವಿಟ್ಜರ್ಲೆಂಡ್ ಎಂಬ ಶಬ್ದ ಯಾರ ಬಾಯಲ್ಲೂ ಬರಕೂಡದು.

ದೇಶದೊಳಗೇ ಹುಡುಕಿದೆವು. ಗುಲ್ಮಾರ್ಗ್ ಚಂದವೇ ಸರಿ. ಗೊಂಡೊಲಾ ಎಂಬ ಕೇಬಲ್ ಕಾರು ಎರಡು ಹಂತದಲ್ಲಿ ಅಫರ್ವತ್ ಬೆಟ್ಟದ ಮೇಲಕ್ಕೆ ಒಯ್ಯುತ್ತದೆ. ಪ್ರತಿ ಹತ್ತಿಕೆಗೂ ಟಿಕೆಟ್ಟು ಎಂದದ್ದೇ ಭಾವ ಪುಸ್ತಕ ಮುಚ್ಚಿದ. ಅಲ್ಲಿ ಹಿಮವನ್ನೂ ನೆಚ್ಚುವಂತಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬೋಳಾಗಿ ನಿಂತಿತ್ತು. 2025ರಲ್ಲಿ ಅದೇ ಖೇಲೋ ಇಂಡಿಯಾ ಕೂಟವನ್ನು ಹಿಮವಿಲ್ಲವೆಂದು ಫೆಬ್ರುವರಿಯಿಂದ ಮಾರ್ಚಿಗೆ ಮುಂದೂಡಿದರು. ಉತ್ತರಾಖಂಡದ ಔಲಿ ನೋಡಿದರೆ, 2023ರ ಜನವರಿಯಲ್ಲಿ ಜೋಶಿಮಠದ ನೆಲ ಬಿರುಕು ಬಿಟ್ಟು ಅಲ್ಲಿಂದ ಮೇಲೆ ಹೋಗುವ ರೋಪ್‌ವೇ ನಿಂತುಹೋಗಿತ್ತು. ಉಳಿದದ್ದು ಮನಾಲಿ. ಅಲ್ಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಚಳಿಗಾಲದಲ್ಲಿ ಸೋಲಂಗ್ ಕಣಿವೆಯಲ್ಲಿ 14 ದಿನಗಳ ಸ್ಕೀಯಿಂಗ್ ಕೋರ್ಸ್ ನಡೆಸುತ್ತದೆ. ಊಟ, ಡಾರ್ಮಿಟರಿಯಲ್ಲಿ ಹಾಸಿಗೆ, ಸ್ಕೀ, ಬೂಟು, ಕಲಿಸುವವರು ಎಲ್ಲ ಶುಲ್ಕದೊಳಗೇ. “ಸರ್ಕಾರಿಯಾ?” ಎಂದು ಭಾವ ಕೇಳಿದ. ಹೌದೆಂದಾಗ ಅವನ ಮುಖದಲ್ಲಿ ಮೊದಲ ಬಾರಿ ಹಿಮಾಲಯ ಕಂಡಿತು. ನಾವು ಸೇರಿದ್ದು ಆ ಬಗೆಯ ಒಂದು ಶಿಬಿರಕ್ಕೆ.

ದುಡ್ಡಿಗಿಂತ ದೊಡ್ಡ ತಕರಾರು ಪಂಚಾಂಗದ್ದು. ಹಿಮ ಬೀಳುವುದು ಜನವರಿ, ಫೆಬ್ರುವರಿಯಲ್ಲಿ. ನಮ್ಮಲ್ಲಿ ಕೊನೆ ಕೊಯ್ಲು, ಅಡಿಕೆ ಸುಲಿಯುವುದು, ಬೇಯಿಸುವುದು, ಅಂಗಳದಲ್ಲಿ ಚಾಲಿ ಒಣಗಿಸುವುದು, ಸಂಜೆಗೆ ಆಲೆಮನೆ, ರಾತ್ರಿಗೆ ಆಟ, ಎಲ್ಲವೂ ಆಗಲೇ. ಕೊನೆಗೌಡ ಮರ ಹತ್ತಿದ ದಿನ ಯಜಮಾನ ಮನೆಯಲ್ಲಿಲ್ಲ ಎಂದರೆ ಊರು ಸುಮ್ಮನಿರುವುದೇ? ಹಿಮವನ್ನು ತಂದು ಸುರಿಸುವುದು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೆಚ್ಚಾಗಿ ಚಳಿಗಾಲದಲ್ಲಿ ಬರುವ ಮಾರುತ. ಅದಕ್ಕೆ ನಮ್ಮ ಕೊಯ್ಲಿನ ಗೊಡವೆಯಿಲ್ಲ. ಕಡೆಗೆ ಫೆಬ್ರುವರಿಯ ತಂಡಕ್ಕೆ ಅರ್ಜಿ ಹಾಕಿ, ಒಣಗುವ ಅಡಿಕೆಯನ್ನೂ ಅದನ್ನು ಕಾಯುವ ಕೆಲಸವನ್ನೂ ತಮ್ಮಂದಿರಿಗೆ ಒಪ್ಪಿಸಿದೆವು. ಮಂಗ ಬಂದರೆ ಫೋನ್ ಮಾಡಬೇಡಿ ಎಂದೂ ಹೇಳಿದೆವು.

ಶಿರಸಿಗೆ ರೈಲು ಬರುವುದು ಇನ್ನೂ ಚುನಾವಣೆ ಭಾಷಣದಲ್ಲಿ ಮಾತ್ರ. ಹುಬ್ಬಳ್ಳಿಗೆ ಹೋಗಿ ಸಂಪರ್ಕ ಕ್ರಾಂತಿಯ ಸ್ಲೀಪರ್ ಬರ್ತ್ ಹಿಡಿದೆವು. ದಿಲ್ಲಿಯ ಕಾಶ್ಮೀರಿ ಗೇಟಿನಿಂದ ಹಿಮಾಚಲದ ಸರ್ಕಾರಿ ಬಸ್ಸು. ಸಾಮಾನಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಕಷಾಯದ ಪುಡಿ, ಕವಳದ ಸಂಚಿ. ಮಾಸ್ತರು ಮಳೆಗಾಲದ ಕಂಬಳಿಯನ್ನೂ ಹೊತ್ತು ತಂದಿದ್ದರು. ನಕ್ಕವರೆಲ್ಲ ಮನಾಲಿಯ ಮೊದಲ ರಾತ್ರಿ ಆ ಕಂಬಳಿಯ ಒಂದು ಅಂಚಿಗಾಗಿ ಅವರ ಮುಂದೆ ಕೈಮುಗಿದರು.

ಸ್ಕೀಯಿಂಗ್ ಬಗ್ಗೆ ಸಿನಿಮಾಗಳು ಮುಚ್ಚಿಟ್ಟ ಸಂಗತಿಯೊಂದಿದೆ: ಜಾರುವ ಮೊದಲು ಹತ್ತಬೇಕು. ಹೊಸಬರ ಇಳಿಜಾರಿಗೆ ಲಿಫ್ಟಿಲ್ಲ. ಹಲಗೆ ಕಟ್ಟಿದ ಕಾಲನ್ನು ಅಡ್ಡಡ್ಡ ಎತ್ತಿಡುತ್ತ, ಏಡಿಯ ನಡಿಗೆಯಲ್ಲಿ ಮೇಲೇರಬೇಕು. ಬೂಟು ಪಾದವನ್ನು ಅತ್ತಿತ್ತ ಅಲುಗಾಡಲು ಬಿಡುವುದಿಲ್ಲ. ಅರ್ಧ ತಾಸು ಹತ್ತಿದರೆ ಅರ್ಧ ನಿಮಿಷ ಜಾರಿಕೆ, ಅದರಲ್ಲೂ ಮುಕ್ಕಾಲು ಪಾಲು ಬೆನ್ನ ಮೇಲೆ. ಕಲಿಸುವವರು ಮೊದಲು ಹೇಳಿಕೊಡುವುದೂ ಬೀಳುವುದನ್ನೇ: ಮುಂದಕ್ಕಲ್ಲ, ಪಕ್ಕಕ್ಕೆ ಬೀಳಿ, ಎದ್ದೇಳುವಾಗ ಹಲಗೆಯನ್ನು ಇಳಿಜಾರಿಗೆ ಅಡ್ಡವಾಗಿಡಿ. ಎರಡನೆಯ ಪಾಠ ನಿಲ್ಲುವುದು: ಹಲಗೆಗಳ ಮೂತಿ ಹತ್ತಿರ ತಂದು, ಹಿಂಬದಿಯನ್ನು ಅಗಲಿಸಿ, ಒಳಗಿನ ಅಂಚನ್ನು ಹಿಮಕ್ಕೆ ಒತ್ತಬೇಕು. ಜಾರುವ ಪಾಠವೇ ಇರಲಿಲ್ಲ. ಅದು ತಾನಾಗಿ ಆಗುತ್ತಿತ್ತು.

ಮೊದಲು ತಲೆಗೆ ಹತ್ತಿಸಿಕೊಂಡವನು ಯಲ್ಲಾಪುರದವನು. ನೇರ ಇಳಿದರೆ ವೇಗ ಕೈಮೀರುತ್ತದೆ, ಇಳಿಜಾರಿಗೆ ಅಡ್ಡ ಹೋಗಿ ತಿರುಗಬೇಕು, ಮತ್ತೆ ಅಡ್ಡ ಹೋಗಿ ತಿರುಗಬೇಕು ಎಂದು ಗುರುಗಳು ಹಿಂದಿಯಲ್ಲಿ ವಿವರಿಸುತ್ತಿದ್ದಂತೆ, “ಓಹೋ, ಲೋಡ್ ಲಾರಿ ಅರಬೈಲ್ ಘಟ್ಟ ಇಳಿದ ಹಾಂಗೆ!” ಎಂದವನೇ ತಿರುವು ತಿರುವಿಗೂ ಬಾಯಲ್ಲೇ ಹಾರ್ನ್ ಮಾಡುತ್ತ ಕೆಳಗಿಳಿದ. ಇಡೀ ತಂಡದಲ್ಲಿ ಅಂದು ಬೀಳದವನು ಅವನೊಬ್ಬನೇ. ಭಾವ ಮಾತ್ರ ನೇರವಾಗಿಯೇ ಇಳಿಯುತ್ತಿದ್ದ. ಸುತ್ತು ದಾರಿ ಅವನ ಲೆಕ್ಕಕ್ಕೆ ನಷ್ಟ.

ಗಲಾಟೆ ಎದ್ದದ್ದು ಕವಳದಿಂದ. ಚಳಿಗೆ ಎಲೆ ಕಪ್ಪಾದರೂ ಮಾಸ್ತರು ಬಿಡಲಿಲ್ಲ. ಇಳಿಜಾರಿನ ಬುಡದಲ್ಲಿ ಮಗುಚಿ ಬಿದ್ದು, ಸಾವರಿಸಿಕೊಂಡು ಕೂತು, ಬಾಯಿ ತುಂಬಿದ್ದನ್ನು ಪಕ್ಕಕ್ಕೆ ಉಗುಳಿದರು. ಬೆಳ್ಳನೆಯ ಹಿಮದ ಮೇಲೆ ಕೆಂಪು! ಮೇಲಿಂದ ನೋಡಿದ ಗುರುಗಳು ಸೀಟಿ ಊದಿದರು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಓಡಿಬಂತು. ಪೆಟ್ಟಾದದ್ದೆಲ್ಲಿ ಎಂದು ಅವರು, ಬಾಯಲ್ಲಿ ಇನ್ನೂ ಅರ್ಧ ಕವಳವಿದ್ದುದರಿಂದ ಮಾತಾಡಲಾರದೆ ಮಾಸ್ತರು. ನಾಲಗೆಯೇ ತುಂಡಾಗಿದೆ ಎಂದು ಪಂಜಾಬಿನ ಹುಡುಗನೊಬ್ಬ ಘೋಷಿಸಿದ. ನಿಜ ತಿಳಿದ ಮೇಲೆ ಗುರುಗಳು ನಗಲಿಲ್ಲ. ಆ ಹಿಮವನ್ನೆಲ್ಲ ಸಲಿಕೆಯಲ್ಲಿ ತೆಗೆಸಿ, ತಂಡದೆದುರು ಗುಡ್ಡದ ಸ್ವಚ್ಛತೆಯ ಬಗ್ಗೆ ಭಾಷಣ ಮಾಡಿದರು. ಮೂವತ್ತು ವರ್ಷ ಮಕ್ಕಳನ್ನು ನಿಲ್ಲಿಸಿ ಬೈದ ಮಾಸ್ತರು ಸಾಲಿನಲ್ಲಿ ತಲೆತಗ್ಗಿಸಿ ನಿಂತದ್ದನ್ನು ಕಂಡಾಗ ಶುಲ್ಕದ ದುಡ್ಡು ಪೂರ್ತಿ ವಸೂಲಾಯಿತು ಎಂದ ಭಾವ.

ನಾರ್ವೆಯವರಿಗೆ ಸ್ಕೀ ಎಂದರೆ ಮೊದಲು ಶೋಕಿಯಾಗಿರಲಿಲ್ಲ; ಹಿಮ ತುಂಬಿದ ಕಾಲದಲ್ಲಿ ಬೇಟೆಗೆ, ನೆರೆಯೂರಿಗೆ ಹೋಗುವ ದಾರಿಯಾಗಿತ್ತು. ಅದು ಶೋಕಿಯಾದ ಮೇಲೆ ತುಟ್ಟಿಯಾಯಿತು. ಮನಾಲಿಯಿಂದ ಸೋಲಂಗ್‌ಗೆ ಹೋಗುವ ದಾರಿಯ ಇಕ್ಕೆಲದಲ್ಲೂ ಹಿಮದ ಅಂಗಿ, ಗಂಬೂಟು ಬಾಡಿಗೆಗೆ ತೂಗಾಡುತ್ತವೆ. ಅವನ್ನು ತೊಟ್ಟು, ಗಂಟೆಯ ಲೆಕ್ಕದಲ್ಲಿ ಹಲಗೆ ಕಟ್ಟಿಸಿಕೊಂಡು, ಇಬ್ಬರ ಹೆಗಲ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಂಡವರೂ ಊರಿಗೆ ಹೋಗಿ ಸ್ಕೀಯಿಂಗ್ ಮಾಡಿದೆವು ಎನ್ನುತ್ತಾರೆ. ಕಡಿಮೆ ಖರ್ಚೆಂದು ಅದಕ್ಕೆ ಕೈಹಾಕಿದವರಿಗೆ ಕೊನೆಗೆ ಸಿಗುವುದು ಫೋಟೊ ಮಾತ್ರ. ಶಿಬಿರದಲ್ಲಿ ರಾಜ್ಮಾ ಅನ್ನ, ಸಾಲಿನಲ್ಲಿ ನಿಂತು ತಟ್ಟೆ ತೊಳೆಯುವುದು, ಹಲ್ಲುಜ್ಜಲು ನೀರು ಕಾಯುವುದು ಎಲ್ಲ ಇದೆ. ಆದರೆ ಕೊನೆಯ ವಾರದ ಹೊತ್ತಿಗೆ ಯಾರ ಹೆಗಲೂ ಬೇಡ, ನೀವೇ ತಿರುಗುತ್ತೀರಿ, ನೀವೇ ನಿಲ್ಲುತ್ತೀರಿ.

ಆದ್ದರಿಂದ ನಮ್ಮ ಮೂರು ತಾಲೂಕಿನವರಲ್ಲಿ ಯಾರಿಗಾದರೂ ಮನಸ್ಸಿದ್ದರೆ ಹೀಗೆ ಮಾಡಿ. ಸ್ಕೀ, ಬೂಟು ಯಾವುದನ್ನೂ ಕೊಳ್ಳಬೇಡಿ. ಮಳೆಗಾಲ ಮುಗಿಯುತ್ತಿದ್ದಂತೆ ಅರ್ಜಿ ಹಾಕಿ, ಡಾಕ್ಟರ ಸರ್ಟಿಫಿಕೇಟು ಮಾಡಿಸಿ, ದಿನಾ ಸೊಪ್ಪಿನ ಬೆಟ್ಟ ಹತ್ತಿಳಿದು ಮೊಣಕಾಲು ಗಟ್ಟಿ ಮಾಡಿಕೊಳ್ಳಿ. ಒಂದು ಕಂಬಳಿ ಇರಲಿ, ಕವಳದ ಸಂಚಿ ಮನೆಯಲ್ಲಿರಲಿ. ಲೆಕ್ಕ ಬರೆಯುವ ಭಾವನೊಬ್ಬನನ್ನು ಖಂಡಿತ ಕರೆದೊಯ್ಯಿರಿ. ವಾಪಸು ಬಂದ ಮೇಲೆ ಮಾತ್ರ ಅವನ ಪುಸ್ತಕ ಮನೆಯ ಹೆಂಗಸರ ಕೈಗೆ ಸಿಗದಂತೆ ನೋಡಿಕೊಳ್ಳಿ; ಅವರಿಗೆ ಲೆಕ್ಕ ಸರಿಕಂಡರೆ ಮುಂದಿನ ಫೆಬ್ರುವರಿಯಲ್ಲಿ ಅಂಗಳದ ಅಡಿಕೆ ಕಾಯುವವರು ನೀವೇ.