ಅಪ್ರದಕ್ಷಿಣವಾಗಿ ಎಡಕ್ಕೆ

ಗೇರ್ ಬೈಕಿನ ಎಲ್‌ಎಲ್ ಪರೀಕ್ಷೆಗೆ ಓದುತ್ತೇನೆ ಎಂದಾಗ ಮನೆಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಪರವಾಗಿರಲಿಲ್ಲ, ಅತ್ತೆ ಕನ್ನಡಕ ಹಾಕಿಕೊಂಡು ಪ್ರಶ್ನೆಗಳ ಪುಸ್ತಕವನ್ನೇ ಕೈಗೆ ತೆಗೆದುಕೊಂಡುಬಿಟ್ಟರು. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಕೈಗೆ ವಿದ್ಯಾರ್ಥಿ ಸಿಕ್ಕದೆ ಬಹಳ ಕಾಲವಾಗಿತ್ತು.

ನೂರಕ್ಕೆ 60 ಬಂದರೆ ಪಾಸು ಎಂದೆ.

“ಮಿಕ್ಕ ನಲವತ್ತು?”

“ಅದು ಬರದಿದ್ದರೂ ನಡೆಯುತ್ತಂತೆ ಅತ್ತೆ.”

“ಓಹೋ, ನಮ್ಮ ಮೈಸೂರಿನ ಸರ್ಕಲ್ಲುಗಳಲ್ಲಿ ಸುತ್ತುತ್ತಿರೋದು ಆ ನಲವತ್ತು ಅನ್ನು.”

ಫಲಕಗಳ ಪಾಠ ಮೊದಲಾಯಿತು. ದುಂಡಗಿದ್ದರೆ ಅಪ್ಪಣೆ, ತ್ರಿಕೋನವಿದ್ದರೆ ಎಚ್ಚರಿಕೆ, ನೀಲಿ ಆಯತವಿದ್ದರೆ ಮಾಹಿತಿ. ಇಷ್ಟು ಅಚ್ಚುಕಟ್ಟಾಗಿದೆಯಲ್ಲ ಎಂದು ಅತ್ತೆ ಖುಷಿಪಡುವಷ್ಟರಲ್ಲಿ ‘ನಿಲ್ಲಿ’ ಎಂಬ ಅಪ್ಪಣೆ ಎಂಟು ಮೂಲೆಯದಾಗಿ, ‘ದಾರಿ ಬಿಡಿ’ ಎಂಬುದು ತಲೆಕೆಳಗಾದ ತ್ರಿಕೋನವಾಗಿ ಎದುರಿಗೆ ಬಂದವು. ಸೂತ್ರಕ್ಕೆ ಸಿಕ್ಕದವರನ್ನು ಕಂಡರೆ ಅವರಿಗೆ ಮೊದಲಿಂದಲೂ ಆಗದು.

ಕೈಸನ್ನೆಗಳದ್ದು ಬೇರೆಯೇ ರಾಮಾಯಣ. ಅಂಗಳದಲ್ಲಿ ಸ್ಟ್ಯಾಂಡ್ ಹಾಕಿದ ಯಜಮಾನರ ಹಳೇ ಸ್ಪ್ಲೆಂಡರ್ ಮೇಲೆ ನಾನು, ಜಗಲಿಯ ಮೇಲೆ ಅತ್ತೆ. ನಿಲ್ಲುವುದಾದರೆ ಬಲಗೈ ನೆಟ್ಟಗೆ ಮೇಲೆ. ನಿಧಾನಿಸುವುದಾದರೆ ಬಲಗೈ ಚಾಚಿ, ಅಂಗೈ ಕೆಳಗೆ ಮಾಡಿ, ಮೇಲಕ್ಕೂ ಕೆಳಕ್ಕೂ ಆಡಿಸಬೇಕು. ಎಡಕ್ಕೆ ತಿರುಗುವುದಾದರೆ ಅದೇ ಬಲಗೈಯನ್ನು ಅಪ್ರದಕ್ಷಿಣವಾಗಿ ಸುತ್ತಿಸಬೇಕು.

“ಅಪ್ರದಕ್ಷಿಣವೇ? ಬೆಳಗ್ಗೆ ಬೆಳಗ್ಗೆ ಅದೆಲ್ಲ ಬೇಡ ಕಣೇ,” ಎಂದರು ಅತ್ತೆ.

ನನ್ನ ತಕರಾರು ಬೇರೆ. ಬೈಕಿನಲ್ಲಿ ಆಕ್ಸಿಲರೇಟರ್ ಬಲಗೈಯಲ್ಲಿ, ಮುಂದಿನ ಬ್ರೇಕೂ ಬಲಗೈಯಲ್ಲಿ. ನಿಲ್ಲುತ್ತೇನೆಂದು ಊರಿಗೆಲ್ಲ ಸಾರುವ ಹೊತ್ತಿಗೆ ನಿಲ್ಲಿಸುವ ಕೈಯೇ ಆಕಾಶದಲ್ಲಿರುತ್ತದೆ! ಈ ಸನ್ನೆಗಳನ್ನು ಕಾರಿನ ಕಿಟಕಿ ಪಕ್ಕ ಕೂತವರೇ ಕಂಡುಹಿಡಿದಿರಬೇಕು. ನಾನು ಕೈ ಸುತ್ತಿಸುವುದನ್ನು ಕಂಡು ಸೊಪ್ಪಿನವಳು ಬುಟ್ಟಿ ಇಳಿಸಿ, “ಏನ್ ಸೊಪ್ಪು ಕೊಡ್ಲಿ ಅಕ್ಕಾ?” ಅಂದಳು. ದಂಟು ತಗೊಂಡೆವು.

ಕಾವಲುಗಾರರಿಲ್ಲದ ರೈಲ್ವೆ ಗೇಟಿನ ಪ್ರಶ್ನೆಯನ್ನು ಮಾತ್ರ ಅತ್ತೆ ದಿನಾ ಕೇಳುತ್ತಿದ್ದರು. ಗಾಡಿಯನ್ನು ಎಡಕ್ಕೆ ನಿಲ್ಲಿಸಿ, ಇಳಿದು, ಹಳಿಯವರೆಗೆ ನಡೆದುಹೋಗಿ, ಎರಡೂ ಕಡೆ ನೋಡಬೇಕು. ಚಾಲಕನಿಗೆ ಇದು ಗೊತ್ತಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳಿವೆ. ಬ್ರಾಡ್‌ಗೇಜ್ ಮಾರ್ಗಗಳ ಅಂಥ ಗೇಟುಗಳನ್ನು ರೈಲ್ವೆಯವರು 2019ರ ಜನವರಿಯೊಳಗೆ ಇಲ್ಲವಾಗಿಸಿದರು. ಪುಸ್ತಕದಲ್ಲಿ ಮಾತ್ರ ನಾವಿನ್ನೂ ಇಳಿದು ಇಣುಕುತ್ತಲೇ ಇದ್ದೇವೆ.

ಅತ್ತೆ ಕರಗಿದ್ದು 123ನೇ ನಿಯಮಕ್ಕೆ. ಹಿಂದೆ ಕೂತವರಿಗೆ ಹಿಡಿ ಇರಬೇಕು, ಕಾಲಿಡಲು ಜಾಗವಿರಬೇಕು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗಕ್ಕೆ ಮರೆ ಇರಬೇಕು. ಅಂದರೆ ನಾವು ಸಾರಿ ಗಾರ್ಡ್ ಅನ್ನುವುದು. ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿಯ ಮೇಲೆ, ಮಾವನವರ ಹಿಂದೆ, ಒಂದೇ ಕಡೆಗೆ ಕಾಲು ಹಾಕಿ, ಸೆರಗು ಹಲ್ಲಲ್ಲಿ ಕಚ್ಚಿಕೊಂಡು ಊರೆಲ್ಲ ಸುತ್ತಿದವರು. ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. “ನಮ್ಮ ಸೀರೆಯ ಚಿಂತೆಯೂ ಸರ್ಕಾರಕ್ಕೆ ಇತ್ತು ನೋಡು,” ಎಂದು ಆ ಸಾಲನ್ನು ಮತ್ತೊಮ್ಮೆ ಓದಿಸಿದರು.

ನಾನು ಪಾಸಾದೆ. ಗಾಡಿಗೆ ‘ಎಲ್’ ಅಂಟಿಸುವ ಮೊದಲೇ ಅತ್ತೆ ಹೆಲ್ಮೆಟ್ ಕೇಳಿದರು. ಕಲಿಯುವವರು ಹಿಂದೆ ಕೂರಿಸಿಕೊಳ್ಳಬಹುದಾದದ್ದು ಲೈಸೆನ್ಸಿರುವ ಶಿಕ್ಷಕರನ್ನು ಮಾತ್ರ ಎಂಬ ಪ್ರಶ್ನೆ ಅವರೇ ನನಗೆ ಬಾಯಿಪಾಠ ಮಾಡಿಸಿದ್ದು. ನೆನಪಿಸಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಷ್ಟು ವಯಸ್ಸಿನವರೆಗೆ ಈ ಪರೀಕ್ಷೆ ಬರೀಬಹುದು?” ಎಂದು ಕೇಳಿದರು.

ತಿರುವಿಹಾಕಿ ನೋಡಿದೆ. ಗೇರ್ ಬೈಕಿಗೆ 18 ತುಂಬಿರಬೇಕು. 40 ದಾಟಿದವರು ಡಾಕ್ಟರ ಸರ್ಟಿಫಿಕೇಟ್ ತರಬೇಕು. ಇಂಥ ವಯಸ್ಸಿಗೆ ಸಾಕು ಎಂದು ಕಾಯ್ದೆ ಎಲ್ಲೂ ಹೇಳಿಲ್ಲ.