ಅಜ್ಜನ ಬಿಲ್ಲೆ, ಮೊಮ್ಮಗನ ಬಡ್ತಿ

ಆಳಂದ ತಾಲೂಕಿನ ಖಜೂರಿಯಾಗಲಿ, ಅತ್ತಿತ್ತಲ ಯಾವ ಊರಾಗಲಿ, ಹಳೆ ಟ್ರಂಕಿನಲ್ಲಿ ಹಿತ್ತಾಳೆ ಬಿಲ್ಲೆಯೊಂದು ಸಿಕ್ಕರೆ ಸಾಕು, ತೀರಿಹೋದ ಅಜ್ಜನಿಗೆ ಬಡ್ತಿ ಶುರು. ಬೆಳಿಗ್ಗೆ ಸಿಪಾಯಿ, ಚಹಾ ಹೊತ್ತಿಗೆ ಜಮಾದಾರ, ಸಂತೆ ಮುಗಿಯುವಷ್ಟರಲ್ಲಿ ಕ್ಯಾಪ್ಟನ್!

ಅನುಮಾನವಿದ್ದವರು ಮೊದಲು ಕಿರೀಟ ನೋಡಬೇಕು. ಎರಡನೇ ಮಹಾಯುದ್ಧದ ಬ್ರಿಟಿಷ್ ಬಿಲ್ಲೆಗಳಲ್ಲಿ ಅದರ ಕಮಾನು ಗುಮ್ಮಟದಂತೆ ಉಬ್ಬಿರುತ್ತಿತ್ತು. ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದ ಮೇಲೆ, 1953ರ ಹೊತ್ತಿಗೆ, ನಡುನೆತ್ತಿ ತಗ್ಗಿತು. ತಗ್ಗಿದ ನೆತ್ತಿಯ ಕಿರೀಟ ಧರಿಸಿ 1942ರಲ್ಲಿ ಬರ್ಮಾದಲ್ಲಿ ಕಾದಾಡಿದ ಅಜ್ಜ ಯೋಧನಲ್ಲ, ಜ್ಯೋತಿಷಿ. ಅಶೋಕನ ಸಿಂಹವನ್ನೂ ಆ ಯುದ್ಧಕ್ಕೆ ಕಳಿಸಬೇಡಿ. ನಮ್ಮ ಸೇನೆಯಲ್ಲಿ ಕಿರೀಟ ಇಳಿದು ಸಿಂಹ ಏರಿದ್ದು 1950ರಲ್ಲಿ.

ನಮ್ಮ ಸೀಮೆಗೆ ಬೇರೆಯದೇ ತೊಡಕು. 1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮರ ನಾಡು. ಅವರ ಬಾವುಟದ ನಡುವಿದ್ದದ್ದು ಕುಲ್ಚಾ. ಹೌದ್ರೀ, ತಿನ್ನುವ ಕುಲ್ಚಾನೇ! ಹಾಗಂತ ದುಂಡಗಿದ್ದದ್ದೆಲ್ಲ ನಿಜಾಮರ ಲಾಂಛನ ಅಂದರೆ ನಮ್ಮ ಜೋಳದ ರೊಟ್ಟಿಯನ್ನೂ ವಸ್ತುಸಂಗ್ರಹಾಲಯಕ್ಕೆ ಕೊಡಬೇಕಾದೀತು. ಎರಡು ತಲೆಯ ಗಂಡಭೇರುಂಡ ಕಂಡರೆ ಮೈಸೂರಿನ ದಾರಿ ಹಿಡಿಯಿರಿ. 1918ರಲ್ಲಿ ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್ ಇದ್ದ ಬ್ರಿಗೇಡಿನಲ್ಲೇ ಹೈದರಾಬಾದಿನ ಸವಾರರೂ ಇದ್ದರು. ಸುಳ್ಳು ಹೇಳುವವನಿಗೆ ಅಷ್ಟು ಸಾಕಲ್ಲ!

ಬಟ್ಟೆಯ ಪಟ್ಟಿಯಾದರೆ ನೋಟು ಪರೀಕ್ಷಿಸುವ ನೇರಳೆ ದೀಪ ಹಿಡಿಯಿರಿ. ಈಚಿನ ದಾರ ನೀಲಿಯಾಗಿ ಹೊಳೆಯುತ್ತದೆ. ಆದರೆ ಈಗಿನ ಸೋಪುಪುಡಿಯಲ್ಲಿ ಒಗೆದ ಅಸಲಿ ಪಟ್ಟಿಯೂ ಹೊಳೆಯುತ್ತದೆ. ಅಜ್ಜನ ಮೇಲೆ ಆರೋಪ ಹೊರಿಸುವ ಮುಂಚೆ ಮನೆಯಲ್ಲಿ ಬಟ್ಟೆ ಒಗೆಯುವವರನ್ನು ಒಂದು ಮಾತು ಕೇಳಿ.